ನಂಬಿಕೆಯ ಪೇಪರು

ಕ್ಷೌರಿಕನ ಅಂಗಡಿಗೆ ಇಪ್ಪತ್ತೆರಡು ವರ್ಷಗಳಿಂದ ಬರುತ್ತಿದ್ದದ್ದು ಒಂದೇ ಪೇಪರು. ಊರಿನಲ್ಲಿ ಇನ್ನೊಂದೂ ಇತ್ತು. ಅದರ ಹಳೆಯ ಪ್ರತಿಗಳು ಸಿಕ್ಕರೆ ಅವನು ಕತ್ತಿಯ ನೊರೆ ಒರೆಸಲು ಇಟ್ಟುಕೊಳ್ಳುತ್ತಿದ್ದ. "ಅದರಲ್ಲಿ ತಾರೀಖೊಂದೇ ನಿಜ," ಎನ್ನುತ್ತಿದ್ದ. ಕುರ್ಚಿಯಲ್ಲಿ ಕೂತವರು ನಗುತ್ತಿದ್ದರು. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ವಾದಕ್ಕಿಳಿಯುವವರು ಯಾರು?

ಒಂದು ಮಂಗಳವಾರ ಬೆಳಿಗ್ಗೆ ಅವನ ತಮ್ಮ ಆ ಇನ್ನೊಂದು ಪೇಪರನ್ನೇ ಮಡಿಚಿ ಹಿಡಿದುಕೊಂಡು ಬಂದ. ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವುದು ಅವನ ಕೆಲಸ.

"ಅಣ್ಣಾ, ಇದನ್ನ ಸ್ವಲ್ಪ ಓದು. ನಮ್ಮ ಬಾಯ್ಲರ್ ತಪಾಸಣೆ ಆಗಿ ಮೂರು ವರ್ಷ ಆಯ್ತಂತೆ, ಸರ್ಟಿಫಿಕೇಟೇ ಸುಳ್ಳಂತೆ. ನಾಲ್ಕು ದಿನದಿಂದ ಅದರ ಸದ್ದೂ ಸರಿ ಇಲ್ಲ. ಇವತ್ತು ರಜೆ ಹಾಕಿಬಿಡಲಾ?"

ಕ್ಷೌರಿಕ ತಲೆಬರಹ ನೋಡಿದ, ಪೇಪರಿನ ಹೆಸರು ನೋಡಿದ, ಅಷ್ಟಕ್ಕೇ ವಾಪಸು ಕೊಟ್ಟ.

"ಇವರಿಗೆ ಆ ಮಾಲೀಕರನ್ನ ಕಂಡರೆ ಮೊದಲಿಂದಲೂ ಆಗಲ್ಲ ಕಣೋ. ನಮ್ಮ ಪೇಪರಲ್ಲಿ ಒಂದಕ್ಷರ ಇದೆಯಾ? ನಿಜ ಆಗಿದ್ರೆ ಅವರು ಬರೀತಿರಲಿಲ್ವಾ? ಸುಮ್ನೆ ಕೆಲಸಕ್ಕೆ ಹೋಗು."

ಅಣ್ಣನ ಮಾತನ್ನು ಎಂದೂ ಮೀರದವನು ಹೋದ.

ಹನ್ನೊಂದು ಗಂಟೆಗೆ ಅಂಗಡಿಯ ಕನ್ನಡಿಗಳು ನಡುಗಿದವು. ಕುರ್ಚಿಯಲ್ಲಿದ್ದ ಮೇಷ್ಟ್ರ ಗಡ್ಡವನ್ನು ಅರ್ಧಕ್ಕೇ ಬಿಟ್ಟು ಕ್ಷೌರಿಕ ಓಡಿದ. ಕಾರ್ಖಾನೆಯ ಗೇಟಿನ ಬಳಿ ಐದು ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಮುಖ ಗುರುತು ಸಿಗುವಂತಿರಲಿಲ್ಲ. ಮೊನ್ನೆ ಭಾನುವಾರ ತಾನೇ ಕತ್ತರಿಸಿದ್ದ ಕೂದಲಿನ ಅಂಚನ್ನು ಕತ್ತಿನ ಹಿಂದೆ ಕಂಡು ಅವನು ತಮ್ಮನನ್ನು ಗುರುತಿಸಿದ.

ಮರುದಿನ ಅವನ ಪೇಪರು ಬಂತು. ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಕೆಲಸದ ವೇಳೆ ನಿದ್ದೆ ಹೋಗಿದ್ದರಿಂದಲೇ ಐವರು ಸತ್ತರೆಂದು ಮುಖಪುಟದಲ್ಲೇ ಬರೆದಿತ್ತು. ಕ್ಷೌರಿಕ ಎರಡು ಸಲ ಓದಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿನ್ನೆ ಬೆಳಿಗ್ಗೆ ತಮ್ಮನ ಕಣ್ಣು ಕೆಂಪಗಿತ್ತಲ್ಲವೇ ಎನ್ನಿಸಿತು. ಪೇಪರನ್ನು ಕಂಕುಳಲ್ಲಿಟ್ಟುಕೊಂಡು ತಮ್ಮನ ಮನೆಗೆ ಹೋದ.

"ಮೊನ್ನೆ ರಾತ್ರಿ ಅವನು ಸರಿಯಾಗಿ ನಿದ್ದೆ ಮಾಡಿದ್ನಾ, ತಾಯಿ?"

ತಮ್ಮನ ಹೆಂಡತಿಗೆ ಮೊದಲು ಅರ್ಥವಾಗಲಿಲ್ಲ. ಪೇಪರು ಕಂಡ ಮೇಲೆ ಆಯಿತು.

"ಹೋಗಲ್ಲ ಅಂತಲೇ ಇದ್ರು, ಭಾವ. ಅಣ್ಣನ್ನ ಒಂದು ಮಾತು ಕೇಳ್ಕೊಂಡು ಬರ್ತೀನಿ ಅಂತ ಹೊರಟ್ರು."

ಅಷ್ಟು ಹೇಳಿ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಅವನನ್ನು ಒಳಗೆ ಕರೆಯಲಿಲ್ಲ.

ನಾಲ್ಕು ತಿಂಗಳಾದ ಮೇಲೆ ವಿಚಾರಣೆ ಮುಗಿಯಿತು. ಸರ್ಟಿಫಿಕೇಟ್ ಸುಳ್ಳು, ತಮ್ಮನ ತಪ್ಪೇನೂ ಇಲ್ಲ ಎಂದು ತೀರ್ಮಾನವಾಯಿತು. ಕ್ಷೌರಿಕನ ಪೇಪರು ಆ ಸುದ್ದಿಯನ್ನೇ ಹಾಕಲಿಲ್ಲ. ಮೇಷ್ಟ್ರು ಇನ್ನೊಂದರಲ್ಲಿ ತೋರಿಸಿದರು. ನಿಂತಲ್ಲೇ ಓದುತ್ತಿದ್ದಂತೆ, ಇದನ್ನು ಯಾರು ಬರೆಸಿರಬಹುದು ಎಂದು ಮನಸ್ಸು ತಂತಾನೇ ಲೆಕ್ಕ ಹಾಕತೊಡಗಿತು. ತನ್ನ ಬಗ್ಗೆ ತನಗೇ ಹೆದರಿಕೆಯಾಗಿ ಅವನು ಅಂಗಡಿ ಮುಚ್ಚಿ ತಮ್ಮನ ಮನೆಯತ್ತ ಬಿರಬಿರನೆ ನಡೆದ.

ಬಾಗಿಲು ತೆರೆದವಳು ಅಪರಿಚಿತೆ.

"ಅವರು ತವರಿಗೆ ಹೋಗಿ ತಿಂಗಳಾಯ್ತಲ್ಲ. ನೀವು ಅವರಿಗೆ ಏನಾಗಬೇಕು?"