ಒಗೆಯುವ ಕೋಣೆಯ ಕುರ್ಚಿ

ಪಿಟ್ಸ್‌ಬರ್ಗ್ ಜೊತೆ ಅಮೆರಿಕನ್ ಫುಟ್‌ಬಾಲ್ ಪಂದ್ಯವಿದ್ದ ಭಾನುವಾರಗಳಲ್ಲಿ ವಿಲ್ಮಾಳ ಜಾಗ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ. ಮದುವೆಯಾದ ಹೊಸತರಲ್ಲಿ, ತಮ್ಮೂರಾದ ಕ್ಲೀವ್‌ಲ್ಯಾಂಡ್ ಸೋಲುತ್ತಿದ್ದ ಒಂದು ದಿನ, ಅವಳು ಟವೆಲ್ ಮಡಿಸಲೆಂದು ಕೆಳಗಿಳಿದಿದ್ದಳು. ಅಷ್ಟರಲ್ಲಿ ಆಟ ತಿರುಗಿ ತಮ್ಮ ಊರು ಗೆದ್ದುಬಿಟ್ಟಿತು. "ನೀನು ಕೆಳಗಿದ್ರೇನೇ ನಮಗೆ ಶುಭ ಕಣೇ!" ಎಂದು ಗಂಡ ಎಮಿಲ್ ಅವಳನ್ನು ಎತ್ತಿ ಕುಣಿಸಿದ್ದ.

ಆಮೇಲೆ ಸೋತ ವರ್ಷಗಳೇ ಹೆಚ್ಚು. ಸೋತಾಗ ಅವಳು ಬೇಗ ಮೇಲೆ ಬಂದಳೆಂದೋ, ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲವೆಂದೋ ಕಾರಣ ಸಿಗುತ್ತಿತ್ತು. ಗೆದ್ದಾಗ ಕಾರಣ ಅವಳೇ. ಬೇರೆ ಪಂದ್ಯಗಳನ್ನು ಸೋಫಾದ ಮೇಲೆ ಕೂತು ನೋಡಬಹುದಿತ್ತು. ಆದರೆ ಲೀಗಿನ ಒಂದೇ ವಿಭಾಗದಲ್ಲಿದ್ದು ವರ್ಷಕ್ಕೆರಡು ಸಲ ತಮ್ಮನ್ನು ಬಡಿದು ಹೋಗುವ ಪಿಟ್ಸ್‌ಬರ್ಗ್ ಸೋಲುವುದನ್ನು ಮಾತ್ರ ಅವಳು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಈಗ ಆ ಕಣ್ಣುಗಳ ದೃಷ್ಟಿಯೂ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು.

ಆ ಡಿಸೆಂಬರ್ ಮಧ್ಯಾಹ್ನವೂ ಎಮಿಲ್ ತಮ್ಮ ತಂಡದ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಮರದ ಕುರ್ಚಿಗೆ ಕಂಬಳಿ ಹಾಸಿ, ತಟ್ಟೆಯಲ್ಲಿ ಆಲೂಗಡ್ಡೆ ತುಂಬಿದ ಕಡುಬಿನಂಥ ಬಿಸಿ ಪಿರೋಗಿ ಇಟ್ಟು ಹೋಗಿದ್ದ. ಮೇಲಿನ ಈರುಳ್ಳಿಯನ್ನು ಅವಳಿಗೆ ಇಷ್ಟವಾಗುವಂತೆ ಕೆಂಪಗೆ ಹುರಿದಿದ್ದ. ಅಂಥವನನ್ನು ಬೈಯುವುದಾದರೂ ಹೇಗೆ? ಅವಳು ತಲೆಯ ಮೇಲಿನ ಸೂರು ನೋಡುತ್ತ, ಮೇಲಿನ ಕಾಲ್ಸಪ್ಪಳದಿಂದಲೇ ಆಟವನ್ನು ಅಂದಾಜು ಮಾಡುತ್ತಿದ್ದಳು. ಇದ್ದಕ್ಕಿದ್ದಂತೆ ಸಪ್ಪಳ ನಿಂತಿತು.

ಬಾಗಿಲು ತೆರೆಯಿತು. ಸೊಸೆ ಕೊಲೀನ್, ಹುಟ್ಟಿ ಬೆಳೆದದ್ದು ಪಿಟ್ಸ್‌ಬರ್ಗಿನಲ್ಲಿ.

"ಅತ್ತೆ, ಏಳಿ. ಕೊನೇ ಒದೆತ. ಚೆಂಡು ಕಂಬಗಳ ಮಧ್ಯೆ ಹೋದ್ರೆ ನಿಮ್ಮೋರು ಗೆದ್ದಂಗೆ."

"ಅಯ್ಯೋ, ಬರಲ್ಲ ಕಣೇ. ಸೋತ್ರೆ ನಿಮ್ಮ ಮಾವ ಬೇಸಿಗೇವರೆಗೂ ಅದನ್ನೇ ಹೇಳ್ತಾರೆ."

"ನಾನೇ ಎಳ್ಕೊಂಡು ಬಂದೆ ಅಂತೀನಿ. ಹೆಂಗೂ ಈ ಮನೆಗೆ ವಕ್ಕರಿಸಿದ ಶನಿ ನಾನೇ ತಾನೆ?"

"ನಿಮ್ಮೋರು ಸೋತ್ರೆ ನಿಂಗೆ ಬೇಜಾರಾಗಲ್ವಾ?"

"ಆಗದೇ ಏನು? ಆದ್ರೆ ಅವರಿಗೆ ಗೆದ್ದೂ ಗೆದ್ದೂ ಸಾಕಾಗಿದೆ. ನಡೀರಿ, ಮಂಡಿ ನೋವು ಆಮೇಲೆ ಹೇಳೀರಂತೆ."

ವಿಲ್ಮಾ ಮೇಲಿನ ಮೆಟ್ಟಿಲಿನ ಕತ್ತಲಲ್ಲಿ ನಿಂತಳು. ಅವಳು ಯಾರಿಗೂ ಕಾಣದಂತೆ ಕೊಲೀನ್ ಬಾಗಿಲಿಗೆ ಅಡ್ಡ ನಿಂತಳು. ಸೊಸೆಯ ಭುಜದ ಪಕ್ಕ, ಗಂಡ ಮತ್ತು ಮಗನ ಬೆನ್ನುಗಳ ನಡುವೆ, ಟಿವಿಯ ಒಂದು ಸೀಳು ಕಂಡಿತು. ಹಿಮ ಬೀಳುತ್ತಿತ್ತು. ಆಟಗಾರ ಓಡಿ ಬಂದು ಒದ್ದ. ಚೆಂಡು ಗಾಳಿಗೆ ವಾಲಿ, ಹೊರಗೇ ಹೋಗುತ್ತದೆಂದು ಅವಳು ಉಸಿರು ಹಿಡಿದಿರುವಾಗಲೇ, ಕಂಬದ ಒಳಮೈಗೆ ತಾಗಿ ಮಧ್ಯದಲ್ಲೇ ನುಸುಳಿತು.

ಕಂಡಳು. ಕೂಗು ಗಂಟಲಿಗೆ ಬಂತು. ಬೆನ್ನ ಹಿಂದೆ ಚಾಚಿದ ಕೊಲೀನಳ ಕೈ ಅವಳ ಕೈಯನ್ನು ಗಟ್ಟಿಯಾಗಿ ಅದುಮಿತು.

"ಗೆದ್ವೋ! ವಿಲ್ಮಾ, ಕೇಳಿಸ್ತಾ?" ಎಮಿಲ್ ಬಾಗಿಲ ಕಡೆ ನುಗ್ಗಿದ.

"ಮಾವ, ಮೊದಲು ನನ್ನ ಅಣಕಿಸಿ ಹೋಗಿ," ಎಂದು ಕೊಲೀನ್ ತಡೆದಳು. ಅವನು ಅಂಥ ಅವಕಾಶ ಬಿಡುವವನೇ?

ಅವನು ಕೆಳಗೆ ಬರುವಷ್ಟರಲ್ಲಿ ವಿಲ್ಮಾ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಟವೆಲ್ ಎಳೆದುಕೊಂಡು ಏದುಸಿರು ಬಿಡುತ್ತಿದ್ದಳು.

"ನಿನ್ನಿಂದಾನೇ ಕಣೇ ಗೆದ್ದಿದ್ದು! ಇನ್ನು ನೀನು ಇಲ್ಲಿಂದ ಕದಲೋ ಹಾಗೇ ಇಲ್ಲ." ಅವನ ಕಣ್ಣು ತುಂಬಿತ್ತು. "ನಾಳೇನೇ ಮೆತ್ತನೆ ಕುರ್ಚಿ ತರ್ತೀನಿ, ಕಾಲು ಚಾಚ್ಕೊಂಡು ಕೂರೋ ಅಂಥದ್ದು."

ನಾನು ಮೆಟ್ಟಿಲ ಮೇಲಿದ್ದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅವನು ಆಗಲೇ ಮರದ ಕುರ್ಚಿಯ ಪಕ್ಕದ ಜಾಗವನ್ನು ಗೇಣಿನಿಂದ ಅಳೆಯುತ್ತಿದ್ದ.

"ಯಾವ ಬಣ್ಣ ತರ್ಲಿ?"

"ಕಿತ್ತಳೆ," ಎಂದಳು ವಿಲ್ಮಾ.

ಅವನು ಹೋಗುವಾಗ ಬಾಗಿಲನ್ನು ಜೋಪಾನವಾಗಿ ಮುಚ್ಚಿಕೊಂಡು ಹೋದ.