ಶೀನಣ್ಣನ ಬೋಟಿನ ಗುಟ್ಟು ಪೆಟ್ಟಿಗೆ

ನಾನು ಮಾತು ಕಲಸುವ ಒಂದು ಪೆಟ್ಟಿಗೆ. ಇಟ್ಟಿಗೆಯಷ್ಟು ಗಾತ್ರ. ಹುಬ್ಬಳ್ಳಿಯ ಒಂದು ಚಿಕ್ಕ ಕೋಣೆಯಲ್ಲಿ, ಕನ್ನಡಕದ ಹೆಂಗಸೊಬ್ಬರು ತಂತಿ ಬೆಸೆದು ನನ್ನನ್ನೂ ನನ್ನ ಅವಳಿಯನ್ನೂ ಒಂದೇ ದಿನ ಮಾಡಿದರು. ಇಬ್ಬರಿಗೂ ಒಂದೇ ಗುಟ್ಟಿನ ಸಂಖ್ಯೆ. ನಾನು ದನಿಯನ್ನು ಚೂರು ಮಾಡಿ ಹಿಂದುಮುಂದು ಕಲಸಿ ಕಳಿಸುತ್ತೇನೆ, ಅವಳಿ ಅದನ್ನು ಸರಿಯಾಗಿ ಜೋಡಿಸುತ್ತದೆ. ಉಳಿದವರಿಗೆ ಬರೀ ಗೊರಗೊರ.

ನಮ್ಮನ್ನು ಕೊಂಡವರು ಗಂಗೊಳ್ಳಿಯಲ್ಲಿ ಮೀನುಬೋಟು ನಡೆಸುವ ತಾಂಡೇಲ ಶೀನಣ್ಣ. ಮೀನು ಸಿಕ್ಕ ಜಾಗವನ್ನು ವೈರ್‌ಲೆಸ್ಸಿನಲ್ಲಿ ಇನ್ನೊಂದು ಬೋಟಿನಲ್ಲಿರುವ ತಮ್ಮನಾದ ಸುಬ್ಬನಿಗೆ ಹೇಳಿದರೆ ಸಾಕು, ಅದನ್ನು ಕೇಳಿಸಿಕೊಂಡು ಇಪ್ಪತ್ತು ಬೋಟು ಅಲ್ಲಿಗೇ ನುಗ್ಗುತ್ತಿದ್ದವು. ಹಾಗಾಗಿ ನನ್ನನ್ನು ತಮ್ಮ ಬೋಟಿಗೆ, ಅವಳಿಯನ್ನು ಸುಬ್ಬನ ಬೋಟಿಗೆ ಹಾಕಿಸಿದರು.

ಪಕ್ಕದ ಬೋಟಿನ ಬಸವ ಮಾತ್ರ ಸೋಲಲಿಲ್ಲ. ಗೊರಗೊರ ಕೇಳಿದರೆ ಶೀನನಿಗೆ ಮೀನು ಸಿಕ್ಕಿದೆ ಎಂದೇ ಲೆಕ್ಕ. ಸದ್ದು ಎತ್ತ ಜೋರಾಗುತ್ತದೋ ಅತ್ತ ಹುಡುಕಿಕೊಂಡು ಹೋಗುವುದು ಅವನ ಚಾಳಿ.

ಒಂದು ಮಧ್ಯಾಹ್ನ ನಮ್ಮ ಬೋಟಿನ ತಳದ ಹಲಗೆ ಬಿಟ್ಟು ನೀರು ನುಗ್ಗಿತು. ಒಳಗೆ ಏಳು ಜನ. ಸುಬ್ಬನ ಬೋಟು ದಡದಲ್ಲಿ ರಿಪೇರಿಗೆ ನಿಂತಿತ್ತು, ಅವಳಿಯ ಹತ್ತಿರ ಯಾರೂ ಇರಲಿಲ್ಲ. ಶೀನಣ್ಣ ನನ್ನ ಸ್ವಿಚ್ಚು ಆರಿಸಿ ನೇರವಾಗಿ ಮಾತಾಡಬೇಕಿತ್ತು. ಗಾಬರಿಯಲ್ಲಿ ಮರೆತರು. "ಬೋಟ್ ಮುಳುಗ್ತಿತ್ತ್, ಬನ್ನಿಯೇ!" ಎಂದು ಅವರು ಕೂಗಿದಷ್ಟೂ ನಾನು ಕಲಸಿದೆ. ನನಗೆ ಬೇರೆ ಕೆಲಸ ಗೊತ್ತಿಲ್ಲ.

ನೀರು ಮೊಣಕಾಲಿಗೆ ಬಂತು. ಅಷ್ಟರಲ್ಲಿ ಬಸವನ ಬೋಟು ಬಲೆ ಸಜ್ಜು ಮಾಡಿಕೊಂಡೇ ಬಂತು.

"ಮೀನ್ ಎಲ್ಲಿತ್ತಾ ಶೀನ?"

"ಮೀನಿಲ್ಲ ಮಾರಾಯ, ಹಗ್ಗ ಹಾಕ್!"

ಬಸವ ಒಬ್ಬೊಬ್ಬರನ್ನೇ ಎಳೆದುಕೊಂಡ. ಏಳನೆಯವರಾಗಿ ಶೀನಣ್ಣ ನನ್ನನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದರು. ನಮ್ಮ ಬೋಟು ಮುಳುಗಿಹೋಯಿತು.

"ಅಷ್ಟೊತ್ತಿಂದ ಎಂತ ಹೇಳ್ತಿದ್ದೆ ನೀನ್?" ಬಸವ ಕೇಳಿದ.

"ಕಾಪಾಡಿ ಅಂದೆ."

"ಅಯ್ಯೋ, ನಾನ್ ನಿನ್ನ ಮೀನ್ ಬಾಚ್ಕಂಬುಕ್ ಬಂದದ್ದ್ ಮಾರಾಯ!"

ಶೀನಣ್ಣ ನಕ್ಕರು. ನಗುತ್ತಲೇ ಅತ್ತರು.

ಈಗ ನಾನು ಬಂದರಿನ ರೇಡಿಯೋ ರಿಪೇರಿ ಅಂಗಡಿಯ ಕಪಾಟಿನಲ್ಲಿದ್ದೇನೆ. ಅಂಗಡಿಯವರು ಒಮ್ಮೆ ಬಿಚ್ಚಿ ನೋಡಿ, "ಇದ್ರಲ್ಲಿ ಎಂತದೂ ಹಾಳಾಯ್ಲಿಲ್ಲ" ಎಂದರು. ನಿಜ. ಅಂದೂ ನಾನು ಕೆಟ್ಟಿರಲಿಲ್ಲ. ಒಂದು ಚೂರೂ ತಪ್ಪದೆ ಕೆಲಸ ಮಾಡಿದ್ದೆ. ಇಷ್ಟು ವರ್ಷವಾದರೂ ನನಗೆ ನುಂಗಲಾಗದ ಮಾತು ಅದೇ.