ದೇವರ ಪಾಲಿನ ಬುಟ್ಟಿ

ಶನಿವಾರ ಮಧ್ಯಾಹ್ನ ಶ್ರೀನಿವಾಸಪುರದ ತನ್ನ ಮಂಡಿಯಲ್ಲಿ ಕದಿರೇಶ್ ಕಾರ್ಬೈಡ್ ಕಲ್ಲಿನ ಪೊಟ್ಟಣ ಕಟ್ಟುತ್ತಿದ್ದ. ಗೌನಿಪಲ್ಲಿಯ ತೋಟದಿಂದ ಬಂದ ಬಾದಾಮಿ ಮಾವಿನಕಾಯಿಗಳ ನಡುವೆ ಅವನ್ನು ಇಟ್ಟುಬಿಟ್ಟರೆ ಸೋಮವಾರ ಕೋಲಾರಕ್ಕೆ ಹೋಗುವ ಲಾರಿಯ ಹೊತ್ತಿಗೆ ಬಣ್ಣ ತಾನಾಗಿ ಬರುತ್ತದೆ. ಮೂಲೆಯಲ್ಲಿದ್ದ ಒಂದು ಬುಟ್ಟಿ ಮಾತ್ರ ಹುಲ್ಲಿನಲ್ಲಿ ನಿಧಾನವಾಗಿ ಹಣ್ಣಾಗಿತ್ತು. ಅದು ದೇವರ ಪಾಲು. ಮರುದಿನ ಚರ್ಚಿನಲ್ಲಿ ಮೊದಲ ಫಲದ ಹಬ್ಬ. ಆರಾಧನೆ ಮುಗಿದ ಮೇಲೆ ಕಾಣಿಕೆಯ ಹಣ್ಣು, ತರಕಾರಿಗಳನ್ನು ಹರಾಜು ಹಾಕುವುದು ಸಭೆಯ ವಾಡಿಕೆ. ಕದಿರೇಶನ ಬುಟ್ಟಿಗೆ ಪ್ರತಿ ವರ್ಷ ಪೈಪೋಟಿ. ಅದರ ಬಗ್ಗೆ ಅವನಿಗೆ ಕೊಂಚ ಜಂಬವೂ ಇತ್ತು.

ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಮುನಿಶಾಮಮ್ಮ ಬಂದಳು.

"ಮಗಳು ಹೆರಿಗೆಗೆ ಬಂದವ್ಳೆ ಕಣಣ್ಣ. ಮಾವಿನಣ್ಣು ಬೇಕಂತೆ. ಆ ರಾಶೀಲಿ ನಾಲ್ಕು ಕೊಡು."

ಅವಳು ತೋರಿಸಿದ್ದು ಕಾರ್ಬೈಡಿನಲ್ಲಿ ಆಗಲೇ ಹಳದಿಯಾಗಿದ್ದ ರಾಶಿ. ಅತ್ತ ಚಾಚಿದ ಕೈಯನ್ನು ಕದಿರೇಶ್ ಹಿಂದಕ್ಕೆಳೆದುಕೊಂಡ.

"ಅದು ಬೇಡಕ್ಕ," ಎಂದವನೇ ದೇವರ ಬುಟ್ಟಿಯನ್ನೆತ್ತಿ ಅವಳ ಚೀಲಕ್ಕೆ ಸುರಿದ. ನಾಲ್ಕು ಸಾಕೆಂದರೂ ಬಿಡಲಿಲ್ಲ.

ಬುತ್ತಿ ತಂದಿದ್ದ ಅವನ ತಾಯಿ ಅಂಜಮ್ಮ ನೋಡುತ್ತಲೇ ಇದ್ದಳು. ಮುನಿಶಾಮಮ್ಮ ಹೋದ ಮೇಲೆ ಕೇಳಿದಳು.

"ಯಾಕ್ಲಾ, ಆ ರಾಶಿಗೇನಾಗಿತ್ತು?"

"ಬಸುರಿ ಹೆಂಗಸಮ್ಮ. ಆ ಕಾರ್ಬೈಡ್ ವಿಷಾನ ಹೆಂಗೆ ಕೊಡ್ಲಿ?"

"ಕೋಲಾರದಲ್ಲಿ ಬಸುರೀರು ಇಲ್ವಾ?"

"ಎಲ್ರೂ ಹಾಕ್ತಾರಮ್ಮ. ಹುಲ್ಲಲ್ಲಿಟ್ಟು ವಾರ ಕಾಯ್ತೀನಿ ಅಂದ್ರೆ ಕೋಲಾರದ ಸಾವ್ಕಾರ ಬೇರೆ ಮಂಡಿಗೆ ಹೋಗ್ತಾನೆ. ನಿನ್ ಮೊಮ್ಮಗಳು ಮೌನಿಕಾನ ಹೆಂಗೆ ಓದಿಸ್ಲಿ?"

"ಹೊಟ್ಟೆಪಾಡು ಸುಳ್ಳಲ್ಲ ಕಣೋ. ಆದ್ರೆ ಮುಖ ಗೊತ್ತಿರೋರಿಗೆ ಹುಲ್ಲಿಂದು, ಗೊತ್ತಿಲ್ದೋರಿಗೆ ಕಲ್ಲಿಂದು. ದೇವರಿಗೆ ಅಂತ ಬೇರೇನೇ ಒಂದ್ಬುಟ್ಟಿ. ಅವನೇನು ಬಂದು ತಿಂತಾನಾ?"

ಕದಿರೇಶನಿಗೆ ಸಿಟ್ಟು ಬಂತು. ಅರ್ಧ ಉಂಡು ಕೈ ತೊಳೆದ. ಆಮೇಲೆ ಕಾಯಿಗಳ ನಡುವಿನಿಂದ ಪೊಟ್ಟಣಗಳನ್ನು ಹೆಕ್ಕಿ ತೆಗೆದ. ಹಳದಿ ರಾಶಿಯನ್ನು ಹಿತ್ತಲಿನ ಗುಂಡಿಗೆ ಸುರಿದು ಮಣ್ಣು ಮುಚ್ಚಿದ. ಕೋಲಾರದ ಸಾವ್ಕಾರನಿಗೆ ಫೋನ್ ಮಾಡಿದ.

"ಸೋಮವಾರ ಲಾರಿ ಬರಲ್ಲ ಸಾರ್. ಹಣ್ಣಾದ್ಮೇಲೆ ಕಳಿಸ್ತೀನಿ."

"ಹಂಗಾದ್ರೆ ನಾನು ಬೇರೆ ಕಡೆ ನೋಡ್ಕೋತೀನಿ," ಎಂದು ಸಾವ್ಕಾರ ಫೋನಿಟ್ಟ.

ಭಾನುವಾರ ಚರ್ಚಿನಲ್ಲಿ ಹರಾಜು ಕೂಗುತ್ತಿದ್ದ ಗಂಗಾಧರ್ ಕದಿರೇಶನ ಬುಟ್ಟಿಯ ಮೇಲಿನ ಬಟ್ಟೆ ತೆಗೆದು ನಕ್ಕ. "ಏನ್ ಕದಿರೇಶಣ್ಣ, ಈ ಸಲ ಬರೀ ಕಾಯಿ?"

ಕದಿರೇಶ್ ಎದ್ದು ನಿಂತ.

"ಹುಲ್ಲಲ್ಲಿಡಿ, ವಾರ ಬೇಕು. ನಾನು ಇಷ್ಟು ದಿನ ಮಂಡೀಲಿ ಕಾರ್ಬೈಡ್ ಹಾಕ್ತಿದ್ದೆ. ಇನ್ಮೇಲೆ ಎಲ್ರಿಗೂ ಇದೇ."

ಸಭೆಯಲ್ಲಿ ಗುಸುಗುಸು ಎದ್ದಿತು. ಆ ವರ್ಷ ಪೈಪೋಟಿ ನಡೆಯಲಿಲ್ಲ. ಬುಟ್ಟಿಗೆ ಕೂಗಿದವಳು ಅಂಜಮ್ಮ ಒಬ್ಬಳೇ.